ಹಿಂದಿನ ಸ್ವೇ ಬಾರ್ ಮನೆಯಲ್ಲೇ ಹಾಕುವುದು ಹೇಗೆ: ಬೋಲ್ಟ್ ಬಿಗಿಯುವ ಸರದಿ ತಪ್ಪದಿರಲಿ

ಕಾರಿನ ಹಿಂಭಾಗಕ್ಕೆ ದಪ್ಪನೆಯ ಸ್ವೇ ಬಾರ್ (ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಸಲಾಕೆ) ತರಿಸಿ ತಾವೇ ಹಾಕಿಕೊಂಡವರ ದೂರು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಹಂಪ್ ದಾಟುವಾಗ ಹಿಂದಿನಿಂದ ಟಕ್ ಟಕ್ ಸದ್ದು. ಸಮತಟ್ಟು ಜಾಗದಲ್ಲೂ ಕಾರು ಒಂದು ಕಡೆಗೆ ಚೂರು ವಾಲಿ ನಿಲ್ಲುತ್ತದೆ. ಮಳೆಯಲ್ಲಿ ತಿರುವು ತೆಗೆದುಕೊಂಡರೆ ಹಿಂಭಾಗ ಜಾರುತ್ತದೆ. ಬಾರ್ ಸರಿಯಿಲ್ಲ ಅಂತ ಬಿಚ್ಚಿ ಅಟ್ಟಕ್ಕೆ ಹಾಕುತ್ತಾರೆ. ಹೆಚ್ಚಿನ ಸಲ ಬಾರ್ ಚೆನ್ನಾಗಿಯೇ ಇರುತ್ತದೆ, ಕೆಲಸದ ಸರದಿ ತಪ್ಪಿರುತ್ತದೆ. ಚಕ್ರ ನೇತಾಡುತ್ತಿರುವಾಗಲೇ ಎಲ್ಲ ಬೋಲ್ಟನ್ನೂ ಪೂರ್ತಿ ಬಿಗಿದಿರುತ್ತಾರೆ, ಬಾರ್ ಕೂರುವ ಮೆತ್ತನೆಯ ಬಳೆಗೆ, ಅಂದರೆ ಬುಷ್‌ಗೆ, ಕೈಗೆ ಸಿಕ್ಕಿದ ಗ್ರೀಸ್ ಹಚ್ಚಿರುತ್ತಾರೆ, ಮೊದಲ ದಿನವೇ ಬಾರನ್ನು ಗಟ್ಟಿ ಸೆಟ್ಟಿಂಗ್‌ಗೆ ಇಟ್ಟಿರುತ್ತಾರೆ.

ಚಕ್ರ, ಬ್ರೇಕ್ ಪ್ಯಾಡ್ ತಾವೇ ಬದಲಿಸಿ ಗೊತ್ತಿರುವವರಿಗೆ ಇದು ಅರ್ಧ ದಿನದ ಕೆಲಸ. ಕಾರಿನ ಕೆಳಗೆ ಇದುವರೆಗೆ ಕೈ ಹಾಕದವರು ಇದನ್ನೇ ಮೊದಲ ಕೆಲಸ ಮಾಡಿಕೊಳ್ಳಬೇಡಿ.

## ಬಾರ್ ತರಿಸುವ ಮೊದಲು

ಸ್ವೇ ಬಾರ್ ಎಡ, ಬಲ ಚಕ್ರಗಳನ್ನು ಜೋಡಿಸುವ ಸ್ಪ್ರಿಂಗ್ ಸ್ಟೀಲಿನ ಸಲಾಕೆ. ತಿರುವಿನಲ್ಲಿ ಬಾಡಿ ಒಂದು ಕಡೆಗೆ ವಾಲಿದಾಗ ಅದು ತಿರುಚಿಕೊಂಡು ವಾಲುವುದನ್ನು ತಡೆಯುತ್ತದೆ. ಎರಡೂ ಚಕ್ರ ಒಟ್ಟಿಗೆ ಮೇಲೆ ಕೆಳಗೆ ಆದರೆ ಸುಮ್ನೆ ತಿರುಗುತ್ತದೆ, ಏನೂ ಮಾಡುವುದಿಲ್ಲ. ಮುಂದಿನ ಚಕ್ರಕ್ಕೆ ಎಂಜಿನ್ ಬಲ ಹೋಗುವ ಕಾರುಗಳು ಜೋರು ತಿರುವಿನಲ್ಲಿ ಮೂತಿಯನ್ನು ಹೊರಕ್ಕೆ ಎಳೆಯುತ್ತವೆ. ಹಿಂದೆ ಬಾರ್ ಗಟ್ಟಿಯಾದರೆ ಈ ಎಳೆತ ಕಡಿಮೆಯಾಗುತ್ತದೆ, ಹಿಂಭಾಗ ಚುರುಕಾಗುತ್ತದೆ. ಅದಕ್ಕೆ ಬೆಲೆಯೂ ಇದೆ. ಒಂದು ಚಕ್ರ ಗುಂಡಿಗೆ ಬಿದ್ದರೆ ಅದರ ಕುಲುಕು ಇನ್ನೊಂದು ಚಕ್ರಕ್ಕೂ ದಾಟುತ್ತದೆ. ತಿರುವಿನ ಮಧ್ಯೆ ದಿಢೀರನೆ ಆಕ್ಸಲರೇಟರ್ ಬಿಟ್ಟರೆ ಹಿಂಭಾಗ ಮೊದಲಿಗಿಂತ ಬೇಗ ಹೊರಳುತ್ತದೆ. ಹಿಂದಿನ ಚಕ್ರಕ್ಕೆ ಬಲ ಹೋಗುವ ಕಾರಾದರೆ ಇನ್ನೂ ಯೋಚನೆ ಮಾಡಿ. ತಿರುವಿನಲ್ಲಿ ಒಳಗಿನ ಹಿಂಚಕ್ರ ಹಗುರಾಗಿ ಅಲ್ಲೇ ಸುತ್ತತೊಡಗುತ್ತದೆ.

ಕಾರು ಜಾಸ್ತಿ ವಾಲುತ್ತದೆ ಅನ್ನಿಸಿದರೆ ಮೊದಲು ಟೈರಿನ ಗಾಳಿ, ಟೈರಿನ ವಯಸ್ಸು, ಶಾಕ್ ಅಬ್ಸಾರ್ಬರ್, ಹಳೆ ಬುಷ್, ಬಾರಿನ ತುದಿಯನ್ನು ಸಸ್ಪೆನ್ಷನ್‌ಗೆ ಸೇರಿಸುವ ಲಿಂಕ್ ರಾಡ್ ನೋಡಿ. ಎಣ್ಣೆ ಸೋರುವ ಶಾಕ್ ಅಬ್ಸಾರ್ಬರ್ ಇಟ್ಟುಕೊಂಡು ಬಾರ್ ಹಾಕಬಾರದು. ಅದು ತೊಂದರೆಯನ್ನು ಮುಚ್ಚುತ್ತದೆ, ಸರಿಮಾಡುವುದಿಲ್ಲ.

ದಪ್ಪದ ವಿಷಯದಲ್ಲಿ ಆಸೆ ಬೇಡ. ಬಾರಿನ ಬಿಗುವು ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಕಂಪನಿಯ ಬಾರ್ 20 ಮಿ.ಮೀ. ಇದ್ದು ನೀವು 22 ಮಿ.ಮೀ. ಹಾಕಿದರೆ ನೋಡಲು ಎರಡೇ ಮಿ.ಮೀ. ವ್ಯತ್ಯಾಸ, ಬಿಗುವು ಮಾತ್ರ ಸುಮಾರು 46 ಶೇಕಡಾ ಜಾಸ್ತಿ. 18ರಿಂದ 22ಕ್ಕೆ ಹೋದರೆ ಎರಡು ಪಟ್ಟಿಗಿಂತಲೂ ಹೆಚ್ಚು. ಒಳಗೆ ಟೊಳ್ಳಿರುವ ಬಾರ್‌ಗೆ ಈ ಲೆಕ್ಕ ನೇರವಾಗಿ ಹೊಂದುವುದಿಲ್ಲ. ರಸ್ತೆ ಕಾರಿಗೆ ಒಂದು ಮೆಟ್ಟಿಲು ದಪ್ಪ ಸಾಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ನಿಮ್ಮ ಕಾರಿನ ಹಿಂದಿನ ಸಸ್ಪೆನ್ಷನ್ ಯಾವ ಬಗೆಯದು ಅಂತಲೂ ತಿಳಿದುಕೊಳ್ಳಿ. ಎಂಟನೇ ತಲೆಮಾರಿನ ಹೋಂಡಾ ಸಿವಿಕ್, ಸ್ಕೋಡಾ ಲಾರಾ ಇಂಥವುಗಳಲ್ಲಿ ಹಿಂದಿನ ಎರಡು ಚಕ್ರಗಳೂ ಸ್ವತಂತ್ರ. ಇವುಗಳಲ್ಲಿ ಬಾರ್ ಬುಷ್‌ಗಳಲ್ಲಿ ಕೂತು, ಲಿಂಕ್ ರಾಡ್ ಮೂಲಕ ಸಸ್ಪೆನ್ಷನ್ ತೋಳಿಗೆ ಸೇರುತ್ತದೆ. ಮುಂದಿನ ಹಂತಗಳನ್ನು ಈ ಬಗೆಯ ಕಾರಿಗೇ ಬರೆದಿದ್ದೇನೆ. ಸ್ವಿಫ್ಟ್, ಪೋಲೊ, ಐ20ಯಂಥ ಕಾರುಗಳಲ್ಲಿ ಎರಡೂ ಚಕ್ರಗಳ ನಡುವೆ ತಿರುಚುವ ಬೀಮ್ ಇರುತ್ತದೆ. ಆ ಬೀಮೇ ಅರ್ಧ ಸ್ವೇ ಬಾರಿನ ಕೆಲಸ ಮಾಡುತ್ತದೆ. ಇವಕ್ಕೆ ಸಿಗುವ ಕಿಟ್‌ಗಳು ಬ್ರಾಕೆಟ್ ಅಥವಾ ಯು-ಬೋಲ್ಟ್‌ನಲ್ಲಿ ಬೀಮ್‌ಗೇ ಕೂರುತ್ತವೆ. ಬೀಮ್‌ಗೆ ತೂತು ಕೊರೆಯಬೇಕು, ವೆಲ್ಡ್ ಮಾಡಬೇಕು ಅನ್ನುವ ಕಿಟ್ ಬೇಡ. ಆ ಲೋಹ ಪ್ರತಿ ತಿರುವಿನಲ್ಲೂ ತಿರುಚಿಕೊಳ್ಳುತ್ತಿರುತ್ತದೆ, ತೂತು ಬಿದ್ದ ಕಡೆಯಿಂದ ಬಿರುಕು ಶುರುವಾಗುತ್ತದೆ.

ಕಾಗದದ ವಿಷಯ ಚಿಕ್ಕದಾಗಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂಥ ಮಾರ್ಪಾಡಿಗೆ ತಡೆ ಹಾಕುತ್ತದೆ. ಕಾರು ವಾರಂಟಿಯಲ್ಲಿದ್ದರೆ, ಇಲ್ಲದಿದ್ದರೂ ಸರಿ, ವಿಮಾ ಕಂಪನಿಗೆ ಮೊದಲೇ ಬರೆದು ಕೇಳಿ ಉತ್ತರ ಇಟ್ಟುಕೊಳ್ಳಿ. ಹಳೆ ಬಾರ್, ಬುಷ್, ಬೋಲ್ಟ್ ಎಲ್ಲ ಜೋಪಾನವಾಗಿರಲಿ.

## ಬೇಕಾದ ಸಾಮಾನು

ಒಳ್ಳೆಯ ಟ್ರಾಲಿ ಜಾಕ್ ಒಂದು, ಜಾಕ್ ಸ್ಟ್ಯಾಂಡ್ ಎರಡು, ಚಕ್ರಕ್ಕೆ ಅಡ್ಡ ಕೊಡಲು ಮರದ ತುಂಡು ನಾಲ್ಕು. ಕಾರಿನ ಜೊತೆ ಬಂದ ಜಾಕ್ ಪಂಕ್ಚರ್ ಆದಾಗ ಚಕ್ರ ಬದಲಿಸುವುದಕ್ಕೆ ಮಾತ್ರ.

ಸಾಕೆಟ್ ಮತ್ತು ರಿಂಗ್ ಸ್ಪ್ಯಾನರ್ ಎರಡೂ ಬೇಕು. ಜಪಾನಿ ಕಾರುಗಳಲ್ಲಿ ಸಾಮಾನ್ಯವಾಗಿ 12, 14, 17ರ ತಲೆಗಳು, ಯುರೋಪಿನ ಕಾರುಗಳಲ್ಲಿ 13, 16, 18. ಲಿಂಕ್ ರಾಡ್‌ನ ನಟ್ ಬಿಚ್ಚುವಾಗ ಒಳಗಿನ ಸ್ಟಡ್ ಸುತ್ತದಂತೆ ಹಿಡಿಯಲು 5 ಅಥವಾ 6 ಮಿ.ಮೀ. ಎಲ್ ಕೀ ಬೇಕಾಗುತ್ತದೆ.

ಬೋಲ್ಟನ್ನು ಅಳೆದ ಬಲಕ್ಕೆ ಬಿಗಿಯುವ ಟಾರ್ಕ್ ರೆಂಚ್ ಇಲ್ಲದೆ ಶುರು ಮಾಡಬೇಡಿ. ಇದೊಂದಕ್ಕೆ ಬದಲಿ ಇಲ್ಲ. ಬಾಡಿಗೆಗೋ ಗೆಳೆಯರ ಹತ್ತಿರವೋ ಸಿಗುತ್ತದೆ.

ಇನ್ನು ತುಕ್ಕು ಬಿಡಿಸುವ ಸ್ಪ್ರೇ, ವೈರ್ ಬ್ರಷ್, ಸಿಲಿಕಾನ್ ಗ್ರೀಸ್, ಹೊಸ ನೈಲಾಕ್ ನಟ್‌ಗಳು, ಕಣ್ಣಿಗೆ ಕನ್ನಡಕ, ತಲೆಗೆ ಕಟ್ಟುವ ಟಾರ್ಚ್. ಒಳಗೆ ನೈಲಾನ್ ಬಳೆ ಇರುವ ನೈಲಾಕ್ ನಟ್ಟನ್ನು ಒಮ್ಮೆ ಬಿಚ್ಚಿದರೆ ಹಿಡಿತ ಕಡಿಮೆಯಾಗುತ್ತದೆ, ಮತ್ತೆ ಬಳಸಬೇಡಿ. ಬಾರ್ ಭಾರವಾಗಿರುತ್ತದೆ, ಮಲಗಿಕೊಂಡು ಒಬ್ಬರೇ ಹಿಡಿಯುವುದು ಕಷ್ಟ. ಜೊತೆಗೆ ಒಬ್ಬರು ಇರಲೇಬೇಕು, ಕೈಜೋಡಿಸುವುದಕ್ಕೂ, ಏನಾದರೂ ಆದರೆ ಸಹಾಯಕ್ಕೂ.

## ಹಂತ 1: ಎರಡು ದಿನ ಮೊದಲೇ ಬೋಲ್ಟ್ ನೆನೆಸಿ

ಕೆಳಗೆ ಬಗ್ಗಿ ಬಾರಿನ ಬ್ರಾಕೆಟ್ ಬೋಲ್ಟ್, ಲಿಂಕ್ ರಾಡ್ ನಟ್ ಎಲ್ಲಿವೆ ಅಂತ ಗುರುತಿಸಿ. ವೈರ್ ಬ್ರಷ್‌ನಿಂದ ಮಣ್ಣು ಉಜ್ಜಿ ಸ್ಪ್ರೇ ಹೊಡೆಯಿರಿ. ಮರುದಿನ ಮತ್ತೆ ಹೊಡೆಯಿರಿ. ಬ್ರೇಕ್ ಡಿಸ್ಕ್, ಡ್ರಮ್ಮಿನ ಹತ್ತಿರ ಹಾರದಂತೆ ಬಟ್ಟೆ ಅಡ್ಡ ಹಿಡಿಯಿರಿ. ಮಂಗಳೂರು, ಉಡುಪಿ, ಕಾರವಾರದ ಕಡೆಯ ಕಾರುಗಳಿಗೆ ಈ ಹಂತ ತುಂಬಾ ಮುಖ್ಯ. ಉಪ್ಪುಗಾಳಿಗೆ ಲಿಂಕ್ ರಾಡ್ ನಟ್ ಕಚ್ಚಿಕೊಂಡುಬಿಟ್ಟಿರುತ್ತದೆ. ಅಂಥ ಕಾರಾದರೆ ಹಳೆ ಲಿಂಕ್ ರಾಡ್ ಉಳಿಯುತ್ತದೆ ಅಂತ ನಂಬಬೇಡಿ, ಹೊಸ ಜೋಡಿ ತಂದಿಟ್ಟುಕೊಂಡೇ ಶುರು ಮಾಡಿ.

## ಹಂತ 2: ಕಾರನ್ನು ಎತ್ತುವುದು

ಗಟ್ಟಿ, ಸಮತಟ್ಟು ನೆಲ ಬೇಕು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ನೀರು ಹರಿಯಲೆಂದು ಸ್ವಲ್ಪ ಇಳಿಜಾರಾಗಿರುತ್ತದೆ, ನೋಡಿಕೊಳ್ಳಿ. ಮಣ್ಣಿನ ಅಂಗಳದಲ್ಲಿ ಈ ಕೆಲಸ ಬೇಡ.

ಇಲ್ಲಿ ಬಹಳ ಜನ ಎಡವುವ ಒಂದು ವಿಷಯವಿದೆ. ಹ್ಯಾಂಡ್ ಬ್ರೇಕ್ ಹಿಡಿಯುವುದು ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನು. ನೀವು ಎತ್ತುತ್ತಿರುವುದು ಅದೇ ಚಕ್ರಗಳನ್ನು ಅಲ್ವಾ? ಅವು ಗಾಳಿಗೆ ಏರಿದ ಮೇಲೆ ಹ್ಯಾಂಡ್ ಬ್ರೇಕ್ ಕಾರನ್ನು ಹಿಡಿದಿರುವುದಿಲ್ಲ. ಮುಂಚಕ್ರ ಚಾಲನೆಯ ಕಾರನ್ನು ಒಂದನೇ ಗೇರಿನಲ್ಲಿ, ಆಟೋಮ್ಯಾಟಿಕ್ ಆದರೆ ಪಾರ್ಕ್‌ನಲ್ಲಿ ಇಟ್ಟು, ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು ಕೊಡಿ. ಹಿಂಚಕ್ರ ಚಾಲನೆಯ ಕಾರಿನಲ್ಲಿ ಗೇರ್ ಕೂಡ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಮರದ ತುಂಡೇ ಎಲ್ಲ.

ಚಕ್ರದ ನಟ್‌ಗಳನ್ನು ನೆಲದ ಮೇಲಿದ್ದಾಗಲೇ ಚೂರು ಸಡಿಲಿಸಿ. ಆಮೇಲೆ ಎತ್ತಿ, ಕಾರಿನ ಕೈಪಿಡಿ ತೋರಿಸುವ ಜಾಗಕ್ಕೇ ಎರಡೂ ಬದಿ ಒಂದೇ ಎತ್ತರಕ್ಕೆ ಸ್ಟ್ಯಾಂಡ್ ಕೊಡಿ. ಸ್ಟೆಪ್ನಿ ಗುಂಡಿ, ಫ್ಲೋರ್ ಶೀಟ್ ಭಾರ ತಡೆಯುವುದಿಲ್ಲ. ಸೈಜುಗಲ್ಲು, ಇಟ್ಟಿಗೆ, ಸಿಮೆಂಟ್ ಬ್ಲಾಕ್ ಕಾರಿನ ಕೆಳಗೆ ಬರಲೇಬಾರದು. ಅವು ಮುನ್ಸೂಚನೆ ಕೊಡದೆ ಒಡೆಯುತ್ತವೆ. ಇಳಿಸಿದ ಮೇಲೆ ಕಾರನ್ನು ಪಕ್ಕದಿಂದ ಜೋರಾಗಿ ತಳ್ಳಿ ನೋಡಿ. ಅಲುಗಿದರೆ ಮತ್ತೆ ಎತ್ತಿ ಸರಿಮಾಡಿ. ಬಿಚ್ಚಿದ ಚಕ್ರಗಳನ್ನು ಬಾಡಿಯ ಅಂಚಿನ ಕೆಳಗೆ ಮಲಗಿಸಿಡಿ, ಇನ್ನೊಂದು ಕಾವಲು ಇದ್ದಂತೆ.

ಎರಡೂ ಹಿಂಚಕ್ರ ಒಟ್ಟಿಗೆ ಎತ್ತಲೇಬೇಕು. ಒಂದೇ ಬದಿ ಎತ್ತಿದರೆ ಬಾರ್ ತಿರುಚಿಕೊಂಡ ಸ್ಥಿತಿಯಲ್ಲಿರುತ್ತದೆ. ಬೋಲ್ಟ್ ಬಿಚ್ಚಿದ ಕ್ಷಣ ಅದು ಚಿಮ್ಮುತ್ತದೆ, ಹೊಸದು ಕೂರಿಸುವಾಗ ತೂತುಗಳು ಕೂಡಿಬರುವುದಿಲ್ಲ.

## ಹಂತ 3: ಹಳೆ ಬಾರ್ ಬಿಚ್ಚುವುದು

ಮುಟ್ಟುವ ಮೊದಲು ನಾಲ್ಕು ಕಡೆಯಿಂದ ಫೋಟೊ ತೆಗೆಯಿರಿ. ಬಾರಿನ ಬಾಗು ಯಾವ ಕಡೆಗಿದೆ, ಬುಷ್‌ನ ಸೀಳು ಯಾವ ಕಡೆಗಿದೆ, ಬ್ರೇಕ್ ಹೋಸ್, ಎಬಿಎಸ್ ವೈರ್ ಬಾರಿನ ಮೇಲಿಂದ ಹೋಗಿದೆಯೋ ಕೆಳಗಿನಿಂದಲೋ, ಎಲ್ಲ ಕಾಣಬೇಕು. ಬಾರನ್ನು ತಲೆಕೆಳಗಾಗಿ ಹಾಕಿ ಸೈಲೆನ್ಸರಿಗೆ ತಾಗಿಸಿಕೊಂಡವರು ಕಡಿಮೆಯೇನಿಲ್ಲ.

ಮೊದಲು ಲಿಂಕ್ ರಾಡ್, ಆಮೇಲೆ ಬ್ರಾಕೆಟ್. ಲಿಂಕ್ ರಾಡ್‌ನ ನಟ್ ಸುತ್ತಿದಂತೆ ಸ್ಟಡ್ಡೂ ಸುತ್ತಿದರೆ ಸ್ಟಡ್ಡಿನ ತುದಿಗೆ ಎಲ್ ಕೀ ಕೊಟ್ಟು ಹಿಡಿದು ರಿಂಗ್ ಸ್ಪ್ಯಾನರ್‌ನಲ್ಲಿ ತಿರುಗಿಸಿ. ಕೆಲವು ಲಿಂಕ್‌ಗಳಲ್ಲಿ ಹಿಂಬದಿ ಸ್ಪ್ಯಾನರ್ ಹಿಡಿಯಲು ಚಪ್ಪಟೆ ಜಾಗವಿರುತ್ತದೆ. ಎಲ್ ಕೀ ಹಾಕುವ ಮೊದಲು ಆ ತೂತಿನ ತುಕ್ಕು ಕೆರೆದು ತೆಗೆಯಿರಿ. ಅದು ಸವೆದುಹೋದರೆ ಮುಂದಿನ ದಾರಿ ಕತ್ತರಿಸುವುದೊಂದೇ.

ಬೋಲ್ಟ್ ಕೀಚ್ ಅಂತ ಸದ್ದು ಮಾಡುತ್ತಾ ಬಂದು ಬಂದು ಬಿಗಿಯಾದರೆ ಬಲ ಹಾಕಬೇಡಿ. ಅರ್ಧ ಸುತ್ತು ವಾಪಸ್ ಬಿಗಿದು, ಸ್ಪ್ರೇ ಹೊಡೆದು, ಮತ್ತೆ ಬಿಚ್ಚಿ. ಸಸ್ಪೆನ್ಷನ್ ಕೂರುವ ಲೋಹದ ಚೌಕಟ್ಟಾದ ಸಬ್‌ಫ್ರೇಮ್ ಒಳಗೆ ಬೋಲ್ಟ್ ಮುರಿದರೆ ಒಂದು ಗಂಟೆಯ ಕೆಲಸ ಒಂದು ವಾರ ಆಗುತ್ತದೆ.

ಕೆಲವು ಕಾರುಗಳಲ್ಲಿ ಬಾರ್ ಹೊರಬರಲು ಸೈಲೆನ್ಸರ್ ಅಡ್ಡ. ತಣ್ಣಗಾದ ಮೇಲೆ ಅದರ ರಬ್ಬರ್ ಹ್ಯಾಂಗರ್‌ಗಳಿಗೆ ಸೋಪಿನ ನೀರು ಹಚ್ಚಿ ಕಳಚಿ. ಸೈಲೆನ್ಸರನ್ನು ಹಾಗೇ ಜೋತಾಡಲು ಬಿಡದೆ ಕೆಳಗೆ ಮರದ ದಿಮ್ಮಿ ಕೊಡಿ, ಇಲ್ಲದಿದ್ದರೆ ಮುಂದಿನ ಜಾಯಿಂಟ್ ಬಿರುಕು ಬಿಡುತ್ತದೆ. ಬಾರ್ ತೆಗೆಯಲು ಸಬ್‌ಫ್ರೇಮನ್ನೇ ಇಳಿಸಬೇಕು ಅಂತ ನಿಮ್ಮ ಕಾರಿನ ಸರ್ವಿಸ್ ಮ್ಯಾನುಯಲ್ ಹೇಳಿದರೆ ಮನೆಯ ಕೆಲಸ ಅಲ್ಲಿಗೇ ನಿಲ್ಲಲಿ. ಅದಕ್ಕೆ ಹಾಯಿಸ್ಟ್ ಇರುವ ಗ್ಯಾರೇಜ್ ಬೇಕು, ಆಮೇಲೆ ವೀಲ್ ಅಲೈನ್‌ಮೆಂಟ್ ಕೂಡ ಬೇಕು.

## ಹಂತ 4: ಬುಷ್ ಮತ್ತು ಗ್ರೀಸ್

ಹಳೆ ಬಾರಿನ ಪಕ್ಕಕ್ಕೆ ಹೊಸದನ್ನು ನೆಲದ ಮೇಲಿಟ್ಟು ಹೋಲಿಸಿ. ಬಾಗು, ಉದ್ದ, ತುದಿಯ ತೂತು ಎಲ್ಲ ಹೊಂದಬೇಕು. ಬುಷ್‌ನ ಒಳ ವ್ಯಾಸ ಹೊಸ ಬಾರಿನದ್ದೇ ಇರಬೇಕು. ಹಳೆ ಬುಷ್ಷನ್ನು ದಪ್ಪ ಬಾರಿಗೆ ಹಿಗ್ಗಿಸಿ ತೊಡಿಸುವುದು ದೊಡ್ಡ ತಪ್ಪು.

ಆಫ್ಟರ್‌ಮಾರ್ಕೆಟ್ ಕಿಟ್‌ಗಳಲ್ಲಿ ಹೆಚ್ಚಾಗಿ ಪಾಲಿಯುರೆಥೇನ್ ಬುಷ್ ಬರುತ್ತದೆ. ಬಾರ್ ಅದರೊಳಗೆ ಜಾರುತ್ತಾ ತಿರುಗಬೇಕು. ಒಣಗಿದ್ದರೆ ಕಿರ್ ಕಿರ್ ಅನ್ನುತ್ತದೆ. ಕಿಟ್ ಜೊತೆ ಬಂದ ಗ್ರೀಸ್ ಇದ್ದರೆ ಅದನ್ನೇ, ಇಲ್ಲದಿದ್ದರೆ ನೀರಿಗೆ ತೊಳೆದುಹೋಗದ ದಪ್ಪ ಸಿಲಿಕಾನ್ ಗ್ರೀಸನ್ನು ಬುಷ್‌ನ ಒಳಗೆ ಪೂರ್ತಿ, ಬ್ರಾಕೆಟ್ ತಾಗುವ ಹೊರಮೈಗೆ ತೆಳ್ಳಗೆ ಹಚ್ಚಿ. ಬೇರಿಂಗ್‌ಗೆ ಹಾಕುವ ಸಾಮಾನ್ಯ ಗ್ರೀಸ್ ಬೇಡ. ಅದು ಮಳೆಗಾಲದಲ್ಲಿ ತೊಳೆದುಹೋಗುತ್ತದೆ, ರಬ್ಬರ್ ಭಾಗಕ್ಕೆ ತಾಗಿದರೆ ಅದನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ನಿಮ್ಮ ಕಿಟ್‌ನಲ್ಲಿ ರಬ್ಬರ್ ಬುಷ್ ಇದ್ದರೆ ತಯಾರಕರು ಹೇಳದ ಹೊರತು ಯಾವ ಗ್ರೀಸೂ ಬೇಡ. ಅದು ಬಾರನ್ನು ಹಿಡಿದುಕೊಂಡು ತಾನೇ ತಿರುಚುವಂತೆ ಮಾಡಿದ್ದು.

## ಹಂತ 5: ಎಲ್ಲವನ್ನೂ ಸಡಿಲವಾಗಿ ಜೋಡಿಸಿ

ಈ ಹಂತದಲ್ಲಿ ಟಾರ್ಕ್ ರೆಂಚನ್ನು ದೂರ ಇಡಿ.

ಇಬ್ಬರೂ ಸೇರಿ ಬಾರನ್ನು ಜಾಗಕ್ಕೆ ಎತ್ತಿ. ಬುಷ್ ತೊಡಿಸಿ, ಬ್ರಾಕೆಟ್ ಕೂರಿಸಿ, ಬೋಲ್ಟ್‌ಗಳನ್ನು ಕೈಯಿಂದಲೇ ಏಳೆಂಟು ಸುತ್ತು ತಿರುಗಿಸಿ. ಕೈಯಿಂದ ಹೋಗದಿದ್ದರೆ ಹಲ್ಲು ತಪ್ಪಿದೆ ಅಂತ ಅರ್ಥ. ಸ್ಪ್ಯಾನರ್ ಹಾಕಿ ಒಳಗೆ ತಳ್ಳಬೇಡಿ, ಬಿಚ್ಚಿ ಮತ್ತೆ ಶುರು ಮಾಡಿ.

ಎಡಬಲ ಉಳಿದ ಉದ್ದ ಅಳೆದು ಬಾರನ್ನು ನಡುಮಧ್ಯಕ್ಕೆ ತನ್ನಿ. ಪಕ್ಕಕ್ಕೆ ಸರಿಯದಂತೆ ತಡೆಯುವ ಕಾಲರ್ ಕಿಟ್‌ನಲ್ಲಿದ್ದರೆ ಬುಷ್‌ನಿಂದ ಒಂದು ಮಿ.ಮೀ. ಬಿಟ್ಟು ಎರಡೂ ಕಡೆ ಹಾಕಿ. ಆಮೇಲೆ ಲಿಂಕ್ ರಾಡ್.

ಬಾರಿನ ತುದಿಯಲ್ಲಿ ಎರಡು ಮೂರು ತೂತು ಇದ್ದರೆ ತೀರಾ ಹೊರಗಿನದು, ಅಂದರೆ ತುದಿಗೆ ಹತ್ತಿರದ್ದು, ಮೆತ್ತನೆಯ ಸೆಟ್ಟಿಂಗ್. ತೋಳು ಉದ್ದವಾದಷ್ಟೂ ಬಾರ್ ಸುಲಭವಾಗಿ ತಿರುಚುತ್ತದೆ. ಒಳಗಿನ ತೂತು ಗಟ್ಟಿ. ಮೊದಲ ಸಲ ಮೆತ್ತನೆಯದ್ದೇ ಇರಲಿ, ಎರಡೂ ಬದಿ ಒಂದೇ ತೂತಿರಲಿ.

## ಹಂತ 6: ತಾಗುತ್ತದೆಯೇ ನೋಡಿ

ಇದನ್ನು ಬಿಟ್ಟುಬಿಡುವವರೇ ಜಾಸ್ತಿ. ಚಕ್ರ ಪೂರ್ತಿ ನೇತಾಡುವಾಗ ಬಾರ್ ಮತ್ತು ಸೈಲೆನ್ಸರ್, ಬ್ರೇಕ್ ಹೋಸ್, ಎಬಿಎಸ್ ವೈರ್, ಪೆಟ್ರೋಲ್ ಟ್ಯಾಂಕ್ ಇವುಗಳ ನಡುವೆ ಒಂದು ಬೆರಳು ದಪ್ಪದಷ್ಟಾದರೂ ಜಾಗ ಇರಬೇಕು. ಆಮೇಲೆ ಒಂದು ಬದಿಯ ಕೆಳತೋಳಿಗೆ ಜಾಕ್ ಕೊಟ್ಟು ನಿಧಾನಕ್ಕೆ ಎತ್ತಿ. ಆ ಬದಿಯ ಬಾಡಿ ಸ್ಟ್ಯಾಂಡಿನಿಂದ ಏಳುವ ಮೊದಲೇ ನಿಲ್ಲಿಸಿ ಮತ್ತೆ ನೋಡಿ. ಇನ್ನೊಂದು ಬದಿಗೂ ಹಾಗೇ ಮಾಡಿ. ಜಾಕ್ ಆಡುವಾಗ ಯಾರೂ ಕಾರಿನ ಕೆಳಗೆ ಇರಬಾರದು, ಪಕ್ಕದಿಂದ ಟಾರ್ಚ್ ಹಿಡಿದು ನೋಡಿದರೆ ಸಾಕು. ಬ್ರೇಕ್ ಹೋಸ್‌ಗೆ ತಾಗಿದರೆ ಮುಂದಿನ ಹಂತಕ್ಕೆ ಹೋಗಬೇಡಿ.

## ಹಂತ 7: ಭಾರ ಬಿದ್ದ ಮೇಲೆ ಬಿಗಿಯುವುದು

ಎಲ್ಲ ಬೋಲ್ಟನ್ನೂ ಸ್ಪ್ಯಾನರ್‌ನಲ್ಲಿ ಆಟ ಹೋಗುವಷ್ಟು ಬಿಗಿದು, ಚಕ್ರ ಹಾಕಿ. ಟೈರಿಗಿಂತ ಅಗಲವಾದ ದಪ್ಪ ಮರದ ಹಲಗೆಗಳನ್ನು ಎರಡೂ ಚಕ್ರದ ಕೆಳಗೆ ಒಂದೇ ಎತ್ತರಕ್ಕೆ ಜೋಡಿಸಿ ಕಾರನ್ನು ಅದರ ಮೇಲೆ ಇಳಿಸಿ. ಚಕ್ರದಡಿ ಕೊಡುವ ರ‍್ಯಾಂಪ್ ಇದ್ದರೆ ಇನ್ನೂ ಒಳ್ಳೆಯದು. ಕೆಳಗೆ ಯಾರೂ ಇಲ್ಲದಾಗ ಡಿಕ್ಕಿಯನ್ನು ಕೈಯಿಂದ ಕೆಲವು ಸಲ ಅದುಮಿ, ಸ್ಪ್ರಿಂಗ್ ತನ್ನ ಎತ್ತರಕ್ಕೆ ಬರುತ್ತದೆ. ಈಗ ಸ್ಟ್ಯಾಂಡ್‌ಗಳನ್ನು ಬಾಡಿಗೆ ತಾಗಿಯೂ ತಾಗದಂತೆ ಮತ್ತೆ ಇಟ್ಟು ಕೆಳಗೆ ಹೋಗಿ.

ಯಾಕೆ ಇಷ್ಟು ಒದ್ದಾಟ? ರಬ್ಬರ್ ಬುಷ್ ಇರುವ ಕಡೆ, ಬಿಗಿದಾಗ ಇದ್ದ ಕೋನವೇ ಅದಕ್ಕೆ ವಿಶ್ರಾಂತಿಯ ಕೋನ. ನೇತಾಡುವಾಗ ಬಿಗಿದರೆ ಕಾರು ನೆಲಕ್ಕಿಳಿದ ಕ್ಷಣದಿಂದ ಬುಷ್ ತಿರುಚಿಕೊಂಡೇ ಇರುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ.

ಉದ್ದ ಹೊಂದಿಸುವ ಲಿಂಕ್ ರಾಡ್ ಇದ್ದರೆ ಇಲ್ಲೇ ಒಂದು ಪರೀಕ್ಷೆ ಮಾಡಿ. ಒಂದು ಬದಿಯ ಲಿಂಕ್ ಬೋಲ್ಟ್ ತೆಗೆಯಿರಿ. ಅದು ಮತ್ತೆ ಕೈಯಿಂದಲೇ ತೂತಿಗೆ ಸಲೀಸಾಗಿ ಹೋಗಬೇಕು. ಬಾರನ್ನು ಎಳೆದು, ತಳ್ಳಿ ಕೂರಿಸಬೇಕಾದರೆ ಬಾರ್ ಆಗಲೇ ಒಂದು ಬದಿಗೆ ಒತ್ತುತ್ತಿದೆ. ಲಿಂಕ್‌ನ ಉದ್ದ ಹೊಂದಿಸಿ ಸಲೀಸಾಗಿ ಹೋಗುವಂತೆ ಮಾಡಿ. ಕಾರು ವಾಲಿ ನಿಲ್ಲುವುದಕ್ಕೆ ಹೆಚ್ಚಿನ ಸಲ ಕಾರಣ ಇದೇ.

ಈಗ ಟಾರ್ಕ್ ರೆಂಚ್. ಮೊದಲು ಬ್ರಾಕೆಟ್, ಆಮೇಲೆ ಲಿಂಕ್, ಕೊನೆಗೆ ಕಾಲರ್. ಅಂಕಿಯನ್ನು ಕಿಟ್‌ನ ಕಾಗದದಿಂದ ಅಥವಾ ಸರ್ವಿಸ್ ಮ್ಯಾನುಯಲ್‌ನಿಂದ ತೆಗೆದುಕೊಳ್ಳಿ. ಅಂದಾಜಿಗೆ ಹೇಳುವುದಾದರೆ 8.8 ದರ್ಜೆಯ 8 ಮಿ.ಮೀ. ಬೋಲ್ಟ್ 25 ನ್ಯೂಟನ್ ಮೀಟರ್ ಆಸುಪಾಸು, 10 ಮಿ.ಮೀ. ಬೋಲ್ಟ್ 45ರಿಂದ 50. ನಿಮ್ಮ ಕಾಗದದ ಅಂಕಿ ಇದಕ್ಕಿಂತ ತೀರಾ ಬೇರೆಯಿದ್ದರೆ ಬೋಲ್ಟಿನ ಅಳತೆ ಮತ್ತೊಮ್ಮೆ ನೋಡಿ. ಬಿಗಿದ ಪ್ರತಿ ಬೋಲ್ಟ್ ಮೇಲೂ ಪೇಂಟ್ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆಯಿರಿ. ಮುಂದೆ ಸಡಿಲವಾದರೆ ಕಣ್ಣಿಗೇ ಕಾಣುತ್ತದೆ.

ಮತ್ತೆ ಎತ್ತಿ, ಹಲಗೆ ತೆಗೆದು, ಕಾರನ್ನು ನೆಲಕ್ಕಿಳಿಸಿ ಚಕ್ರದ ನಟ್ ಬಿಗಿಯಿರಿ. ಹೋಂಡಾ ಸಿವಿಕ್‌ಗೆ 108, ಸ್ಕೋಡಾ ಲಾರಾಕ್ಕೆ 120 ನ್ಯೂಟನ್ ಮೀಟರ್. ಸೈಲೆನ್ಸರ್ ಹ್ಯಾಂಗರ್ ವಾಪಸ್ ಹಾಕಿದ್ದೀರಾ ನೋಡಿ.

## ಹಂತ 8: ಓಡಿಸಿ ನೋಡುವುದು

ನೇರ ಚಾರ್ಮಾಡಿಗೋ ಆಗುಂಬೆಗೋ ಹೊರಡಬೇಡಿ. ಮೊದಲು ಖಾಲಿ ರಸ್ತೆಯಲ್ಲಿ 20 ಕಿ.ಮೀ. ವೇಗದಲ್ಲಿ ಹಂಪ್‌ಗಳ ಮೇಲೆ, ಒಂದು ಚಕ್ರ ಮಾತ್ರ ಗುಂಡಿಗೆ ಇಳಿಯುವಂತೆ ಓಡಿಸಿ, ಕಿಟಕಿ ಇಳಿಸಿ ಸದ್ದು ಕೇಳಿ. ಒಣ ರಸ್ತೆಯಲ್ಲಿ ಗೊತ್ತಿರುವ ತಿರುವುಗಳಲ್ಲಿ ನಿಧಾನಕ್ಕೆ ವೇಗ ಏರಿಸಿ. ಕಾರಿನಲ್ಲಿ ಇಎಸ್‌ಪಿ (ಕಾರು ಜಾರದಂತೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆ) ಇದ್ದರೆ ಆರಿಸಬೇಡಿ. ಒಂದು ಮಳೆಗಾಲ ಮೆತ್ತನೆಯ ಸೆಟ್ಟಿಂಗ್‌ನಲ್ಲೇ ಓಡಿಸಿ ಕಾರಿನ ಹೊಸ ಗುಣ ಅರಿತ ಮೇಲಷ್ಟೇ ಗಟ್ಟಿ ತೂತಿನ ಯೋಚನೆ. ಮನೆಯಲ್ಲಿ ಬೇರೆಯವರೂ ಅದೇ ಕಾರು ಓಡಿಸುತ್ತಾರಾದರೆ ಅವರಿಗೆ ಹೇಳಿ, ಪಕ್ಕದಲ್ಲಿ ಕೂತು ಒಂದು ಸುತ್ತು ಓಡಿಸಿಸಿ.

ನೂರು ಕಿ.ಮೀ. ಒಳಗೆ ಎಲ್ಲ ಬೋಲ್ಟಿಗೂ ಟಾರ್ಕ್ ರೆಂಚ್ ಹಾಕಿ ನೋಡಿ. ಹೊಸ ಬುಷ್ ಕೂತುಕೊಂಡಂತೆ ಬ್ರಾಕೆಟ್ ಚೂರು ಸಡಿಲವಾಗುವುದು ಸಹಜ.

## ಎಚ್ಚರಿಕೆಯ ಗುರುತುಗಳು

ಹಂಪ್ ಮೇಲೆ ಟಕ್ ಅನ್ನುವ ಒಂದೊಂದೇ ಸದ್ದು ಸಾಮಾನ್ಯವಾಗಿ ಲಿಂಕ್ ರಾಡ್ ನಟ್ ಸಡಿಲ ಅಥವಾ ಲಿಂಕ್‌ನ ಬಾಲ್ ಜಾಯಿಂಟ್ ಸವೆತ. ಕಿರ್ ಕಿರ್ ಬಂದರೆ ಬುಷ್ ಒಣಗಿದೆ, ಬಿಚ್ಚಿ ಗ್ರೀಸ್ ಹಚ್ಚಿ. ಎಂಜಿನ್ ಏರಿಸಿದಾಗ ಕೆಳಗಿನಿಂದ ನಡುಗುವ ಸದ್ದು ಬಂದರೆ ಬಾರ್ ಸೈಲೆನ್ಸರಿಗೆ ತಾಗುತ್ತಿದೆ.

ಮೂರು ಗುರುತು ಕಂಡರೆ ಕಾರನ್ನು ಮುಂದೆ ಓಡಿಸಬೇಡಿ: ಬ್ರೇಕ್ ಹೋಸ್ ಮೇಲೆ ಉಜ್ಜಿದ ಗೆರೆ, ಎಬಿಎಸ್ ದೀಪ ಹತ್ತಿಕೊಂಡಿರುವುದು, ಬ್ರಾಕೆಟ್ ಕೂತ ಜಾಗದಲ್ಲಿ ಪೇಂಟ್ ಬಿರಿದು ಲೋಹ ಸೀಳಿದ್ದು. ಕೊನೆಯದು ಕಂಡರೆ ಬಾರ್ ನಿಮ್ಮ ಕಾರಿನ ಬಾಡಿ ತಡೆಯುವುದಕ್ಕಿಂತ ಗಟ್ಟಿಯಾಗಿದೆ. ಹಳೆ ಬಾರ್ ವಾಪಸ್ ಹಾಕಿ, ಸೀಳಿದ ಜಾಗವನ್ನು ಬಾಡಿ ಕೆಲಸ ಗೊತ್ತಿರುವವರಿಗೆ ತೋರಿಸಿ.

ಮೆತ್ತನೆಯ ಸೆಟ್ಟಿಂಗ್‌ನಲ್ಲೂ ಮಳೆಯಲ್ಲಿ ಹಿಂಭಾಗ ಜಾರುತ್ತಿದ್ದರೆ ಹಿಂದಿನ ಟೈರ್‌ಗಳನ್ನು ನೋಡಿ. ಹಳೆ ಟೈರ್ ಹಿಂದೆ, ಹೊಸದು ಮುಂದೆ ಇದ್ದರೆ ಅದಲುಬದಲು ಮಾಡಿ, ಒಳ್ಳೆಯ ಜೋಡಿ ಹಿಂದೆ ಇರಬೇಕು. ಆಗಲೂ ನಿಲ್ಲದಿದ್ದರೆ ಒಂದು ಸೈಜ್ ಸಣ್ಣ ಬಾರ್ ಹಾಕಿ.